ಈಗ ಇಲ್ಲದ ಕ್ಷೇತ್ರ

ನೆಲ್ಲುಗೆರೆ ಅಂತ ಒಂದು ವಿಧಾನಸಭಾ ಕ್ಷೇತ್ರ ಇತ್ತು,
ಮಂಡ್ಯದ ಮಗ್ಗುಲಿಗೆ,
ನಾಲೆಯ ಎರಡೂ ದಡಕ್ಕೆ ಕಾಲು ಚಾಚಿಕೊಂಡು.
ಊರು ಈಗಲೂ ಇದೆ, ಬಸ್ಸು ನಿಲ್ಲುತ್ತದೆ.
ಕ್ಷೇತ್ರ ಇಲ್ಲ.
ಐವತ್ತೇಳರಲ್ಲಿ ಹುಟ್ಟಿ, ಎರಡು ಸಾವಿರದ ಎಂಟರಲ್ಲಿ ತೀರಿಕೊಂಡಿತು.
ತಿಥಿ ಯಾರೂ ಮಾಡಲಿಲ್ಲ.

ಹನ್ನೊಂದು ಚುನಾವಣೆ, ನಡುವೆ ಒಂದು ಉಪಚುನಾವಣೆ.
ಜಿಲ್ಲಾ ಕಚೇರಿಯ ದಪ್ಪ ಪುಸ್ತಕದಲ್ಲಿ ಎಲ್ಲರೂ ಇದ್ದಾರೆ:
ಗೆದ್ದವರು, ಸೋತವರು, ಠೇವಣಿ ಕಳಕೊಂಡವರು.
ತಿರಸ್ಕೃತ ಮತಗಳನ್ನೂ ಒಂದೂ ಬಿಡದೆ ಎಣಿಸಿದ್ದಾರೆ.
ಅರವತ್ತೇಳರ ಪುಟದ ಕೆಳಗೆ ಸಣ್ಣಕ್ಷರ:
‘ಸಮ ಮತ. ಚೀಟಿ ಎತ್ತಿ ನಿರ್ಧರಿಸಲಾಯಿತು.’
ಎತ್ತಿದವರು ಯಾರು, ಬರೆದಿಲ್ಲ.
ನಾನು.

ಏಳು ವರ್ಷ ಆಗ. ಅಪ್ಪ ಕಚೇರಿಯ ದಫೇದಾರ.
ಅವ್ವ ಕಟ್ಟಿದ ಮುದ್ದೆ, ಅವರೆಕಾಳು ಸಾರು ಹಿಡಿದು ಹೋಗಿದ್ದೆ.
ಒಳಗೆ ಮೂರು ಸಲ ಎಣಿಸಿ ಮುಗಿದಿತ್ತು:
ಏಣಿಗೆ ಒಂಬತ್ತು ಸಾವಿರದ ನಾನೂರ ಹದಿನೇಳು,
ತಕ್ಕಡಿಗೂ ಅಷ್ಟೇ.
ಮೂರು ಸಲವೂ ಅಷ್ಟೇ.
ಏಣಿ ಅಂದರೆ ಸಿಂಗ್ರೀಗೌಡರು, ಅಕ್ಕಿ ಗಿರಣಿ, ಜೀಪು, ಬೆಳ್ಳಿಕಟ್ಟಿನ ಕೋಲು.
ತಕ್ಕಡಿ ಅಂದರೆ ಆಲೆಮನೆಯಲ್ಲಿ ಬೆಲ್ಲ ತೂಗುವ ಹೊಂಬಯ್ಯ,
ಹಾದುಹೋಗುವ ಮಕ್ಕಳ ಅಂಗೈಗೆ ಬಿಸಿ ಬೆಲ್ಲದ ಚೂರು ಇಡುತ್ತಿದ್ದವನು.
ಅದನ್ನು ಮಾತ್ರ ತೂಗುತ್ತಿರಲಿಲ್ಲ.

‘ಮಗುವಿನ ಕೈಲಿ ಎತ್ತಿಸಿ, ಮಗುವಿಗೆ ಪಕ್ಷ ಇರೋದಿಲ್ಲ’
ಅಂದರು ಸಾಹೇಬರು.
ಇತ್ತು. ನಾಲಿಗೆಯ ಮೇಲಿತ್ತು.
ನೀರು ಚೆಲ್ಲಿ ಬರಿದು ಮಾಡಿದ ಹಿತ್ತಾಳೆ ಚೊಂಬಿಗೆ
ಎರಡು ಚೀಟಿ, ನಾಲ್ಕು ಮಡಿಕೆ.
ಚೊಂಬಿನ ಬಾಯಿ ನನ್ನ ಕೈಗೇ ಅಳತೆ ಕೊಟ್ಟ ಹಾಗೆ.
ಮೊದಲು ಒಂದು ಬೆರಳಿಗೆ ತಾಕಿತು.
ಅಷ್ಟು ಜನ ನೋಡುತ್ತಿದ್ದರು,
ಅಷ್ಟು ಬೇಗ ಸಿಕ್ಕಿದ್ದು ಸುಳ್ಳು ಅನ್ನಿಸಿತೋ ಏನೋ,
ಬಿಟ್ಟೆ.
ತಳ ತಡಕಿ ಇನ್ನೊಂದನ್ನು ಎತ್ತಿದೆ.
ಒದ್ದೆಯಾಗಿತ್ತು.
ಸಾಹೇಬರು ಓದುವ ಮೊದಲೇ ಹೊರಗೆ ಯಾರೋ ಪಟಾಕಿ ಹಚ್ಚಿದರು.
ಏಣಿ.

ಹೊಂಬಯ್ಯ ಹತ್ತಿರ ಬಂದ. ಬಯ್ಯುತ್ತಾನೆ ಅಂದುಕೊಂಡೆ.
‘ಕೈಯೆಲ್ಲ ಒದ್ದೆ ಆಗೋಯ್ತಲ್ಲವ್ವ’ ಅಂತ
ಹೆಗಲ ಟವಲಿನಲ್ಲಿ ಒರೆಸಿದ.

ಎಪ್ಪತ್ತೆರಡರಲ್ಲಿ ಮತ್ತೆ ನಿಂತ: ಆರು ಸಾವಿರ ಚಿಲ್ಲರೆ.
ಎಪ್ಪತ್ತೆಂಟು: ಸಾವಿರದ ನೂರ ಎಂಟು.
ಎಂಬತ್ಮೂರು: ಮುನ್ನೂರ ಹನ್ನೆರಡು, ಅದರಲ್ಲೊಂದು ನನ್ನದು.
‘ಯಾಕಣ್ಣ ಇನ್ನೂ?’ ಅಂದೆ.
‘ಒಂದ್ ಸಲ ಮುಳ್ಳು ನೆಟ್ಟಗೆ ನಿಂತಿತ್ತು ಕಣವ್ವ.
ತೂಗೋನಿಗೆ ಇನ್ನೇನ್ ಬೇಕು?’

ಸಿಂಗ್ರೀಗೌಡರು ಕೆಟ್ಟವರೇನಲ್ಲ.
ನಾಲೆಗೆ ಸೇತುವೆ ಕಟ್ಟಿಸಿದರು, ಹೆಣ್ಣುಮಕ್ಕಳ ಹೈಸ್ಕೂಲು ತಂದರು.
ನಾನು ಓದಿದ್ದು ಅಲ್ಲೇ,
ನಿಂಗಾಜಮ್ಮ ಮೇಡಂ ಆದದ್ದೂ ಅದರಿಂದಲೇ.
ಇದನ್ನು ಯಾವ ತಟ್ಟೆಗೆ ಹಾಕಲಿ, ಇವತ್ತಿಗೂ ಗೊತ್ತಿಲ್ಲ.

ಎರಡು ಸಾವಿರದ ನಾಲ್ಕು. ನನಗೆ ಮಸಿ ಹಚ್ಚುವ ಕೆಲಸ.
ಮೈಸೂರಿಂದ ಬಂದ ಸೀಸೆ, ಬೆಂಕಿಕಡ್ಡಿಯಷ್ಟು ಕಡ್ಡಿ.
ಮೊಮ್ಮಗನ ಭುಜ ಹಿಡಿದು ಹೊಂಬಯ್ಯ ಬಂದ,
ಎಡಗೈ ಚಾಚಿದ.
ಹೇಳಬೇಕು ಅಂತ ಬಾಯಿಗೆ ಬಂದಿತ್ತು,
ಮೊದಲು ತಾಕಿದ್ದು ನಿಂದು ಕಣಣ್ಣ ಅಂತ.
ಹಿಂದೆ ಸಾಲು ನೂಕುತ್ತಿತ್ತು. ಏಜೆಂಟ್ ಹುಡುಗ ‘ಬೇಗ ಬೇಗ’ ಅಂದ.
ಕೈ ನಡುಗಿ ಮಸಿ ಗೆಣ್ಣಿನ ತನಕ ಹರಿಯಿತು.
ಅದು ಉಗುರಿನ ಬುಡ ಬಿಟ್ಟು ಮೇಲೆ ಬರುವ ಮೊದಲೇ
ಅವನು ಹೋದ.

ಆಮೇಲೆ ಪುನರ್ವಿಂಗಡಣೆ.
ಯಾರೋ ನಾಲೆಯ ಉದ್ದಕ್ಕೂ ಗೆರೆ ಎಳೆದರು.
ಬಲದಂಡೆ ಒಂದು ಕಡೆಗೆ, ಎಡದಂಡೆ ಇನ್ನೊಂದು ಕಡೆಗೆ.
ನನ್ನ ಮನೆ ಇಲ್ಲಿ, ಶಾಲೆ ಅಲ್ಲಿ,
ನಡುವೆ ಸಿಂಗ್ರೀಗೌಡರ ಸೇತುವೆ.

ಆ ಪುಸ್ತಕ ನೋಡಲು ಕಳೆದ ವಾರ ಹೋಗಿದ್ದೆ.
ಗುಮಾಸ್ತೆ ಹುಡುಗಿ ಕೇಳಿದಳು:
‘ಯಾವ ಕ್ಷೇತ್ರ ಅಂದ್ರಿ? ಕಂಪ್ಯೂಟರಲ್ಲಿ ಬರ್ತಾ ಇಲ್ಲ.’

ಬರುತ್ತಾ ಸಂತೆಯಲ್ಲಿ ಬದನೆಕಾಯಿ ಕೊಂಡೆ.
ನಾನು ಆರಿಸುವುದಿಲ್ಲ.
ಮೊದಲು ಕೈಗೆ ತಾಕಿದ್ದನ್ನೇ ಚೀಲಕ್ಕೆ ಹಾಕಿಕೊಳ್ಳುತ್ತೇನೆ,
ಹುಳುಕಿದ್ದರೂ.